ಗ್ರನಾಡಾದಿಂದ ಉಮ್ಮನಿಗೊಂದು ಶಾಲು

ಗ್ರನಾಡಾ, ಸ್ಪೇನ್
4 ಡಿಸೆಂಬರ್ 1994

ಶಹನಾಳ ಉಪ್ಪನಿಗೆ, ಅಸ್ಸಲಾಮು ಅಲೈಕುಂ.

ಬಂದು ಮುಟ್ಟಿದೆವು. ಮ್ಯಾಡ್ರಿಡ್‌ನಿಂದ ಇಲ್ಲಿಗೆ ಕಾರಿನಲ್ಲಿ ಅರ್ಧ ದಿನದ ದಾರಿ. ರೋಸ್‌ಮೇರಿ ದಾರಿಯುದ್ದಕ್ಕೂ ವಾಂತಿ ಮಾಡುತ್ತಾ ಬಂದಳು. ಡ್ರೈವರನಿಗೆ ತಿರುವಿನಲ್ಲಿ ನಿಧಾನ ಮಾಡಬೇಕೆನ್ನುವುದೇ ಗೊತ್ತಿಲ್ಲ. ಆಗ ನಿಮ್ಮ ಡ್ರೈವಿಂಗ್ ನೆನಪಾಯಿತು. ಹೊಗಳಿಕೆ ಇಷ್ಟೇ, ಇನ್ನು ಕೇಳಬೇಡಿ.

ಇಲ್ಲಿ ಓದಲು ಬಂದ ಮೇಡಂನ ಮಗನ ಕಾಲು ಮುರಿದರೆ ತಾಯಿ ಹೋಗಲಿ, ಅಡುಗೆಯವಳೂ ಆಯಾನೂ ಯಾಕೆ ಎಂದು ನೀವು ಕೇಳಿದ್ದಿರಿ. ಇಲ್ಲಿ ಬಂದ ಮೇಲೆ ಗೊತ್ತಾಯಿತು. ಈ ಹುಡುಗನಿಗೆ ಕಾಲು ಮುರಿದದ್ದಕ್ಕಿಂತ ಮಜ್ಬೂಸ್ ಅನ್ನ ಸಿಗದಿರುವುದೇ ದೊಡ್ಡ ನೋವು. ನಾನು ಅನ್ನ, ಕುರಿಮಾಂಸ ಬೇಯಿಸುತ್ತೇನೆ, ರೋಸ್‌ಮೇರಿ ಮೇಡಂನ ಸಣ್ಣ ಹೆಣ್ಣುಮಕ್ಕಳಿಬ್ಬರನ್ನು ಹಿಡಿಯುತ್ತಾಳೆ. ದೋಹಾದ ಮದೀನತ್ ಖಲೀಫಾದ ಮನೆಯ ಕೆಲಸವೇ ಇಲ್ಲಿಯೂ, ಚಳಿ ಮಾತ್ರ ಹೊಸದು.

ದೋಹಾದಲ್ಲಿ ಜನವರಿ ಬಂತೆಂದು ನಾವು ಸ್ವೆಟರ್ ಹಾಕುವುದೆಲ್ಲ ಬರೀ ನಾಟಕ. ಇಲ್ಲಿ ಬೆಳಗಿನ ಸುಬ್‌ಹಿ ನಮಾಝಿಗೆ ಕೈಕಾಲು ತೊಳೆದು ವುಝೂ ಮಾಡಿದರೆ ಬೆರಳು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಮನೆಯಲ್ಲಿ ಒಂದು ದುಂಡು ಮೇಜಿದೆ. ಅದರ ಅಡಿಯಲ್ಲಿ ಕೆಂಡದ ತಟ್ಟೆ, ಮೇಲಿಂದ ನೆಲದವರೆಗೆ ದಪ್ಪ ಬಟ್ಟೆ. ಎಲ್ಲರೂ ಕಾಲು ಒಳಗೆ ತೂರಿಸಿ ಕೂರುತ್ತಾರೆ. ನಮಗೆ ಆ ಭಾಗ್ಯ ಮೇಡಂ ಮಲಗಲು ಹೋದ ಮೇಲೆ.

ಊರು ಗುಡ್ಡದ ಮೇಲಿದೆ. ಓಣಿಗಳೆಲ್ಲ ಕಲ್ಲು ಮೆಟ್ಟಿಲು, ಒದ್ದೆಯಾದರೆ ಜಾರುತ್ತದೆ. ಅಡುಗೆಮನೆಯ ಕಿಟಕಿಗೆ ಎದುರಾಗಿ ಇನ್ನೊಂದು ಗುಡ್ಡ, ಅದರ ತಲೆಯ ಮೇಲೆ ಹಳೇ ಕಾಲದ ಅರಬ್ ಅರಸರ ಕೆಂಪು ಅರಮನೆ. ಅದರ ಹಿಂದೆ ಹಿಮ ಬಿದ್ದ ಬೆಟ್ಟ. ರಸ್ತೆಬದಿಯ ಮರಗಳಲ್ಲಿ ಕಿತ್ತಳೆ ಹಣ್ಣಾಗಿ ಉದುರುತ್ತಿದ್ದರೂ ಯಾರೂ ಹೆಕ್ಕುವುದಿಲ್ಲ. ಎಂಥ ಜನ ಎಂದು ನಾನೊಂದು ಹೆಕ್ಕಿ ಸುಲಿದು ಬಾಯಿಗಿಟ್ಟೆ. ಹಾಗಲಕಾಯಿಯೇ ವಾಸಿ.

ಹಲಾಲ್ ಮಾಂಸಕ್ಕೆ ಮೊರೊಕ್ಕೊದವನ ಒಂದು ಅಂಗಡಿ ಇದೆ. ಅದರ ಪಕ್ಕದಲ್ಲಿ ಉಮ್ಮನಿಗೆ ಒಂದು ಶಾಲು ನೋಡಿಟ್ಟಿದ್ದೇನೆ. ಕಂದು ಬಣ್ಣದ ಉಣ್ಣೆ. ಉಳ್ಳಾಲದ ಸೆಕೆಗೆ ಅದನ್ನು ಹೊದ್ದರೆ ಬೆಂದೇ ಹೋಗುತ್ತಾರೆ, ಗೊತ್ತು. ಆದರೆ ಅಂಗಳದಲ್ಲಿ ಹೊದ್ದು ಕೂತು, ಮಗಳು ಸ್ಪೇನಿನಿಂದ ತಂದದ್ದು ಎಂದು ಹೋಗುವವರು ಬರುವವರಿಗೆಲ್ಲ ಹೇಳದೆ ಬಿಡುವ ಹೆಂಗಸಲ್ಲ ಅವರು.

ನಾನು ಹೊರಡುವಾಗ ಉಮ್ಮನಿಗೆ ಹೊಟ್ಟೆನೋವು ಎಂದು ಅಣ್ಣ ಯೂಸುಫ್ ಕಾಕ ಬರೆದಿದ್ದರು. ಏನಾಯಿತು? ಶಹನಾ ಶಾಲೆಗೆ ಸರಿಯಾಗಿ ಹೋಗುತ್ತಾಳಾ? ಅವಳಿಗೆ ಈಗ ಉಮ್ಮನೇ ತಾಯಿ, ನಾನು ಫೋಟೋದಲ್ಲಿರುವವಳು. ಅವರಿಬ್ಬರ ಮುಖ ನೋಡಿ ಮೂರು ವರ್ಷವಾಯಿತು. ಊರಿನ ಸುದ್ದಿ ಏನಿದ್ದರೂ ಬರೆಯಿರಿ.

ಮುನೀರಾ


ಉಳ್ಳಾಲ
6 ಡಿಸೆಂಬರ್ 1994

ಭಾವ ಸರ್ಫರಾಝ್‌ಗೆ ಯೂಸುಫ್ ಮಾಡುವ ಸಲಾಂ.

ಈ ಕಾಗದ ನಿನಗೆ ಮಾತ್ರ. ಉಮ್ಮನ ಹೊಟ್ಟೆನೋವು ಗ್ಯಾಸ್ ಅಲ್ಲ. ಮಂಗಳೂರಿನಲ್ಲಿ ತೋರಿಸಿದೆ. ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕರೆದು, ಗಡ್ಡೆ ಎಲ್ಲ ಕಡೆ ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಬೇಕಾದ್ದು ತಿನ್ನಿಸಿ ಎಂದರು. ತಿನ್ನಿಸುವುದೇನು, ಗಂಜಿನೀರು ಕೂಡ ನಿಲ್ಲುವುದಿಲ್ಲ. ರಮಳಾನ್ ಕಾಣುವುದು ಕಷ್ಟ ಎಂದು ನನ್ನ ಮನಸ್ಸು ಹೇಳುತ್ತದೆ. ಶಹನಾಳನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ, ಅವಳ ಚಿಂತೆ ಬೇಡ.

ಮುನೀರಾಳಿಗೆ ಹೇಳಬೇಡ. ನಿನ್ನ ಜೊತೆ ದೋಹಾದಲ್ಲಿದ್ದಿದ್ದರೆ ಮಾತು ಬೇರೆ. ಗುರುತಿಲ್ಲದ ದೇಶದಲ್ಲಿ, ಯಾರದೋ ಅಡುಗೆಮನೆಯಲ್ಲಿ ನಿಂತು ಅವಳು ಅಳಬಾರದು. ಬರುವುದಕ್ಕೂ ಆಗದೆ ಇರುವುದಕ್ಕೂ ಆಗದೆ ಹುಚ್ಚು ಹಿಡಿದೀತು. ನಿನ್ನ ಉಪ್ಪ ತೀರಿಕೊಂಡಾಗಲೂ ನಾವು ನಲವತ್ತು ದಿನ ಕಳೆದ ಮೇಲೆಯೇ ನಿನಗೆ ತಿಳಿಸಿದ್ದಲ್ಲವೇ? ಒಳ್ಳೆಯದೇ ಮಾಡಿದಿರಿ ಎಂದು ಆಗ ನೀನೇ ಹೇಳಿದ್ದೆ.

ಉಮ್ಮ ದಿನಕ್ಕೆ ಹತ್ತು ಸಲ ಅವಳ ಹೆಸರು ತೆಗೆಯುತ್ತಾರೆ. ಬರುತ್ತಾಳೆ, ಬರುತ್ತಾಳೆ ಎನ್ನುತ್ತೇನೆ. ಇನ್ನೇನು ಹೇಳಲಿ?

ಯೂಸುಫ್


ದೋಹಾ
17 ಡಿಸೆಂಬರ್ 1994

ಪ್ರೀತಿಯ ಮುನೀರಾ,

ನಿನ್ನ ಕಾಗದ ಬಂತು. ಕಿತ್ತಳೆಯ ಕಥೆಯನ್ನು ಬಿನ್ ಮಹಮೂದ್ ಪೇಟೆಯಲ್ಲಿ ಪಕೀರಬ್ಬನ ಅಂಗಡಿಗೆ ಹೋಗಿ ಎಲ್ಲರಿಗೂ ಓದಿ ಹೇಳಿದೆ. ಪುಕ್ಕಟೆ ಸಿಕ್ಕಿದರೆ ಬ್ಯಾರ್ದಿ ಹೆಂಗಸು ಸ್ಪೇನಿನಲ್ಲೂ ಬಿಡುವುದಿಲ್ಲ ಎಂದು ಪಕೀರಬ್ಬ ನಕ್ಕ.

ಊರಿನಿಂದಲೂ ಕಾಗದ ಬಂದಿದೆ. ಇಲ್ಲಿ ನಾನು, ಅಲ್ಲಿ ಅವರು, ಎಲ್ಲರೂ ಕ್ಷೇಮ. ಉಮ್ಮನ ಹೊಟ್ಟೆನೋವು ಬರೀ ಗ್ಯಾಸ್ ಅಂತೆ. ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಈಗ ಸರಿಯಾಗಿದ್ದಾರೆ. ಮೊನ್ನೆ ಕಿನ್ಯದ ಮದುವೆಗೆ ಹೋಗಿ ಬಿರಿಯಾನಿ ತಿಂದು, ಮಸಾಲೆ ಸಾಲದು ಎಂದು ಅಡುಗೆಯವನಿಗೇ ಹೇಳಿ ಬಂದರಂತೆ. ಸ್ವಲ್ಪ ದಪ್ಪವೂ ಆಗಿದ್ದಾರೆ ಎಂದು ಯೂಸುಫ್ ಬರೆದಿದ್ದಾನೆ. ಶಹನಾ ಶಾಲೆಯಲ್ಲಿ ಪದ್ಯ ಹೇಳಿ ಬಹುಮಾನ ತಂದಿದ್ದಾಳೆ.

ನೀನು ಆರಾಮವಾಗಿರು. ಊರಿನ ಯೋಚನೆ ಬಿಡು, ಅರಮನೆ ನೋಡು, ನಮ್ಮ ಊರಿನಲ್ಲಿ ಅಂಥದ್ದನ್ನು ನೋಡಿದವರು ಯಾರೂ ಇಲ್ಲ. ಹೊಸ ವರ್ಷದಿಂದ ಯಜಮಾನ ಬಾಬಾ ನನ್ನನ್ನು ಮನೆಯ ಕಾರಿನಿಂದ ತೆಗೆದು ಅಲ್ ಖೋರ್‌ಗೆ ಹಾಕುತ್ತಾರಂತೆ. ಅಲ್ಲಿಂದ ರಾಸ್ ಲಫಾನ್‌ಗೆ ಕೆಲಸದವರನ್ನು ಒಯ್ಯುವ ಬಸ್ಸು. ನೀನಿಲ್ಲದ ಈ ಮನೆಯ ಗೇಟು ಕಾಯುವುದಕ್ಕಿಂತ ಅದೇ ವಾಸಿ.

ಚಳಿಗೆ ಕಾಲುಚೀಲ ಹಾಕಿಕೋ.

ನಿನ್ನ ಸರ್ಫರಾಝ್


ಗ್ರನಾಡಾ
30 ಡಿಸೆಂಬರ್ 1994

ಶಹನಾಳ ಉಪ್ಪನಿಗೆ, ಸಲಾಂ.

ನಿಮ್ಮ ಕಾಗದ ಬುಧವಾರ ಬಂತು, ಸರಿಯಾದ ಹೊತ್ತಿಗೇ ಬಂತು. ಅದರ ಹಿಂದಿನ ದಿನ ಮೇಡಂ ನಮ್ಮಿಬ್ಬರನ್ನೂ ಕರೆದು ಒಂದು ವಿಷಯ ಹೇಳಿದ್ದರು. ಮಗನ ಕಾಲು ಕೂಡಿಕೊಳ್ಳುತ್ತಿದೆಯಂತೆ. ರಮಳಾನಿಗೆ ಮೊದಲು ಅವನನ್ನೂ ಕರೆದುಕೊಂಡು ದೋಹಾಕ್ಕೆ ವಾಪಸು. ಅಷ್ಟರವರೆಗೆ ಒಬ್ಬಳಿದ್ದರೆ ಸಾಕು, ಇನ್ನೊಬ್ಬಳು ಬೇಕಾದರೆ ಇಲ್ಲಿಂದಲೇ ಬೊಂಬಾಯಿಗೆ ಹೋಗಿ ಎರಡು ತಿಂಗಳು ಊರಿನಲ್ಲಿದ್ದು ಬರಲಿ, ಟಿಕೆಟ್ ಅವರದೇ. ಮುನೀರಾ ಹಳಬಳು, ಮೊದಲು ಅವಳು ಹೇಳಲಿ ಎಂದರು.

ನನಗೆ ರಾತ್ರಿಯಿಡೀ ನಿದ್ರೆ ಇಲ್ಲ. ಉಮ್ಮನ ಹೊಟ್ಟೆನೋವೇ ಕಣ್ಣಮುಂದೆ. ಬೆಳಿಗ್ಗೆ ಎದ್ದು ನಾನೇ ಹೋಗುತ್ತೇನೆ ಎಂದು ಹೇಳುವುದೆಂದು ನಿಶ್ಚಯ ಮಾಡಿಕೊಂಡಿದ್ದೆ. ಅಷ್ಟರಲ್ಲಿ ನಿಮ್ಮ ಕಾಗದ. ಕಿನ್ಯದ ಬಿರಿಯಾನಿ ಓದಿ ಒಬ್ಬಳೇ ನಕ್ಕೆ. ಮನಸ್ಸು ಹಗುರವಾಯಿತು. ರೋಸ್‌ಮೇರಿಯ ತಂಗಿಗೆ ಜನವರಿಯಲ್ಲಿ ಮಂಗಳೂರಿನಲ್ಲಿ ಮದುವೆ. ಅವಳು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಮುಖ ಸಣ್ಣದಾಗಿತ್ತು. ನೀನು ಹೋಗು ಮಾರಾಯ್ತಿ, ನನ್ನ ಉಮ್ಮ ಗಟ್ಟಿಯಾಗಿದ್ದಾರೆ ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಮಂಗಳವಾರ ಹೊರಡುತ್ತಾಳೆ.

ನನ್ನ ರಜೆ ಎಲ್ಲಿಗೂ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ನಿಮಗೂ ರಜೆ ಇದೆ. ಜೊತೆಯಾಗಿ ಹೋಗೋಣ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ವಿಮಾನದಲ್ಲಿ ಊರಿಗೆ ಹೋದದ್ದೇ ಇಲ್ಲ.

ಶಾಲು ಕೊಂಡೆ. ರೋಸ್‌ಮೇರಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾರದೋ ಕೈಗೆ ಕೊಡದೆ ಉಮ್ಮನ ಹೆಗಲಿಗೇ ಹಾಕಿ ಬರಬೇಕು ಎಂದು ಆಣೆ ಹಾಕಿಸಿದ್ದೇನೆ.

ನಿನ್ನೆ ಮೇಡಂ ಅರಮನೆ ತೋರಿಸಿದರು. ಮಂಜು ಸುರಿಯುತ್ತಿತ್ತು, ನಮ್ಮನ್ನು ಬಿಟ್ಟರೆ ಜನವೇ ಇಲ್ಲ. ಗೋಡೆ ತುಂಬ ಅರಬಿ ಅಕ್ಷರ. ಮದ್ರಸದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು, ನಾನೂ ಕೂಡಿಸಿ ಓದಿದೆ. ಅಲ್ಲಾಹನ ಹೊರತು ಗೆಲ್ಲುವವರಿಲ್ಲ ಎಂದು ಒಂದೇ ಮಾತನ್ನು ಸಾವಿರ ಸಲ ಕೆತ್ತಿದ್ದಾರೆ. ಹಾಗೆ ಕೆತ್ತಿಸಿದವರೇ ಸೋತು ಊರು ಬಿಟ್ಟರಂತೆ. ಕೊನೆಯ ಅರಸ ಅವನ ತಾಯಿಯ ಜೊತೆ ಹೋಗುವಾಗ ದೂರದ ಒಂದು ದಿಣ್ಣೆಯ ಮೇಲೆ ನಿಂತು ತಿರುಗಿ ನೋಡಿ ಅತ್ತ ಎಂದು ಮೇಡಂ ಹೇಳಿದರು. ಕೊಳದ ನೀರು ಹೆಪ್ಪುಗಟ್ಟಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ.

ಮುನೀರಾ


ಅಲ್ ಖೋರ್
13 ಜನವರಿ 1995

ಯೂಸುಫ್ ಭಾವನಿಗೆ ಸಲಾಂ.

ನಾನು ಕೆಟ್ಟೆ. ಮುನೀರಾಳ ಕಾಗದ ನಿನ್ನೆ ಕೈಗೆ ಸಿಕ್ಕಿತು. ಅವಳಿಗೆ ಊರಿಗೆ ಬರಲು ದಾರಿ ಇತ್ತು. ಟಿಕೆಟ್ ಅವಳ ಮುಂದೆಯೇ ಇತ್ತು. ಉಮ್ಮ ಮದುವೆಗೆ ಹೋಗಿ ಬಿರಿಯಾನಿ ತಿಂದರು ಎಂದು ನಾನು ಬರೆದದ್ದನ್ನು ನಂಬಿ ಜೊತೆಯವಳಿಗೆ ಬಿಟ್ಟುಕೊಟ್ಟಿದ್ದಾಳೆ. ಬರೀ ಹುಷಾರಾಗಿದ್ದಾರೆ ಎಂದಷ್ಟೇ ಬರೆದಿದ್ದರೆ ಅವಳಿಗೆ ಅನುಮಾನವಾದರೂ ಉಳಿಯುತ್ತಿತ್ತೋ ಏನೋ. ನಾನು ಮಸಾಲೆ ಸಾಲದು ಎಂಬಲ್ಲಿಯವರೆಗೆ ಬರೆದೆ.

ಇವತ್ತು ಶುಕ್ರವಾರ. ಜುಮಾ ಮುಗಿಸಿ ದೋಹಾಕ್ಕೆ ಹೋಗಿ ಬಾಬಾನ ಮುಂದೆ ನಿಂತೆ. ಪೂರ್ತಿ ಕೇಳಿದರು. ಕೆಟ್ಟ ಮನುಷ್ಯನಲ್ಲ. ಒಬ್ಬಳು ಹೋಗಿಯಾಯಿತು, ಖಲಾಸ್, ಇನ್ನೊಬ್ಬಳೂ ಹೋದರೆ ನನ್ನ ಮಕ್ಕಳಿಗೆ ಯಾರು, ಈದ್ ಕಳೆಯಲಿ, ಇನ್ಶಾ ಅಲ್ಲಾಹ್ ನಾನೇ ಕಳಿಸುತ್ತೇನೆ ಎಂದರು. ಆಮೇಲೆ ನನ್ನ ಮುಖ ನೋಡಿ ಅವರೇ ಸ್ಪೇನಿಗೆ ಫೋನ್ ತಿರುಗಿಸಿ ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಮುನೀರಾ ಫೋನಿಗೆ ಬಂದಳು. ಅವಳ ಮೊದಲ ಮಾತೇ, "ಏನಾಯಿತು? ಯಾರಿಗೇನಾಯಿತು?"

ಹೇಳಬೇಕೆಂದೇ ಹೋದವನು ನಾನು. ನನ್ನ ಬಾಯಿಯಿಂದ ಬಂದದ್ದು, "ಏನಿಲ್ಲ, ಸುಮ್ಮನೆ. ನಿನ್ನ ಸ್ವರ ಕೇಳಬೇಕೆನಿಸಿತು."

ಅವಳು ನಕ್ಕಳು. "ನಿಮಗೆ ಹುಚ್ಚು. ಬಾಬಾನ ಫೋನಿನಲ್ಲಿ ಇದನ್ನು ಹೇಳಲಿಕ್ಕಾ? ಒಲೆಯ ಮೇಲೆ ಮಾಂಸ ಇದೆ, ಇಡುತ್ತೇನೆ."

ಇಟ್ಟಳು. ನಾನು ರಿಸೀವರ್ ಹಿಡಿದುಕೊಂಡೇ ಇದ್ದೆ.

ಭಾವ, ಉಪ್ಪ ಹೋದದ್ದನ್ನು ತಡವಾಗಿ ಹೇಳಿದ್ದು ಒಳ್ಳೆಯದಾಯಿತು ಎಂದು ನಾನು ಅಂದದ್ದು ನಿಜ. ನಿಮ್ಮೆಲ್ಲರ ಮುಖ ನೋಡಿ ಬೇರೆ ಏನು ಹೇಳಬಹುದಿತ್ತು? ಉಮ್ಮನನ್ನು ಏಪ್ರಿಲ್‌ವರೆಗೆ ಹೇಗಾದರೂ ಉಳಿಸಿಕೊಳ್ಳಿ.

ಸರ್ಫರಾಝ್


ಬೆಂದೂರು, ಮಂಗಳೂರು
29 ಜನವರಿ 1995

ಮುನೀರಕ್ಕ,

ನೀನು ನಾಳೆ ದೋಹಾಕ್ಕೆ ಬರುತ್ತೀ ಎಂದು ಗೊತ್ತು. ಅದಕ್ಕೇ ಮದೀನತ್ ಖಲೀಫಾದ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿನಗೆ ಬರೆಯಬೇಡ ಎಂದು ನಿನ್ನ ಅಣ್ಣ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಾರೆ. ಆದರೆ ಮಾರ್ಚ್‌ನಲ್ಲಿ ನಾನು ಬಂದು ಅದೇ ಅಡುಗೆಮನೆಯಲ್ಲಿ ನಿನ್ನ ಪಕ್ಕ ನಿಲ್ಲಬೇಕು. ಬಾಯಿ ಮುಚ್ಚಿಕೊಂಡು ನಿನ್ನ ಜೊತೆ ಈರುಳ್ಳಿ ಹೆಚ್ಚಲು ನನ್ನಿಂದ ಆಗುವುದಿಲ್ಲ. ಒಂದು ಕಡೆ ಕೂತು ಓದು.

ಅಕ್ಕಾ, ನಿನ್ನ ಉಮ್ಮ ಹೋದರು. ಜನವರಿ ಇಪ್ಪತ್ತನಾಲ್ಕಕ್ಕೆ.

ತಂಗಿಯ ಮದುವೆಯ ಗಡಿಬಿಡಿಯಲ್ಲಿ ಶಾಲು ಕೊಡಲು ನನಗೆ ತಡವಾಯಿತು. ಇಪ್ಪತ್ತೆರಡನೇ ತಾರೀಕು ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಸ್ಸು ಹತ್ತಿ ಉಳ್ಳಾಲಕ್ಕೆ ಹೋದೆ. ಗಟ್ಟಿಮುಟ್ಟಾದ ಹೆಂಗಸು ಅಂಗಳದಲ್ಲಿ ಕೂತಿರುತ್ತಾರೆ ಎಂದುಕೊಂಡಿದ್ದೆ. ಒಳಗಿನ ಕೋಣೆಯ ಮಂಚದಲ್ಲಿ ಸೀರೆಯ ಅಡಿಯಲ್ಲಿ ಮನುಷ್ಯರು ಇದ್ದಾರೆಂದೇ ತಿಳಿಯುತ್ತಿರಲಿಲ್ಲ. ಉಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ತಿಂಗಳುಗಳಿಂದ ಕ್ಯಾನ್ಸರ್ ಅಂತೆ. ನಿನಗೆ ಯಾರೂ ಹೇಳಲಿಲ್ಲವೆಂದು ನನಗೆ ಆಗ ಗೊತ್ತಾಯಿತು.

ನೀನು ಹೇಳಿದ ಹಾಗೆ ಶಾಲನ್ನು ನಾನೇ ಹೆಗಲಿಗೆ ಹಾಕಿದೆ. ಉಮ್ಮ ಅದನ್ನು ಮುಟ್ಟಿ ನೋಡಿದರು. ಶಾಲು ಸ್ಪೇನಿನಿಂದ ಬಂದದ್ದು ಎಂದು ಪಕ್ಕದಲ್ಲಿದ್ದ ಯಾರೋ ಹೇಳಿದರು. ಉಮ್ಮ ನನ್ನ ಕೈ ಹಿಡಿದುಕೊಂಡು, "ಬಂದೆಯಾ ಮುನೀರಾ? ಕೈ ಎಷ್ಟು ತಣ್ಣಗಿದೆ ಮಗಳೇ" ಎಂದರು.

ಅಲ್ಲ ಎನ್ನಲು ಬಾಯಿ ತೆರೆದೆ. ನಿನ್ನ ಅಣ್ಣ ಕೈಮುಗಿದು, ಬೇಡ ಬೇಡ ಎಂದು ಸನ್ನೆ ಮಾಡಿದರು. ನಿಮ್ಮ ಬ್ಯಾರಿ ಮಾತು ನನಗೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಬಾಯಿ ಬಿಟ್ಟರೆ ನಾನಾರೆಂದು ಗೊತ್ತಾಗುತ್ತಿತ್ತು. ಅದಕ್ಕೆ ಉಮ್ಮ ಕೇಳಿದ್ದಕ್ಕೆಲ್ಲ "ಉಂ" ಎಂದೆ. ಅವರು ತುಂಬ ಹೇಳಿದರು. ಶಹನಾಳಿಗೆ ಹೊಡೆಯಬೇಡ, ಹಂಡೆಯನ್ನು ಯೂಸುಫನಿಗೆ ಕೊಡು, ನೀನು ಸೊರಗಿದ್ದೀ ಎಂದೆಲ್ಲ. ಆಮೇಲೆ "ಯಾಕೆ ಮಾತಾಡುವುದಿಲ್ಲ? ನನ್ನ ಮೇಲೆ ಕೋಪವಾ?" ಎಂದು ಕೇಳಿದರು.

ಅದಕ್ಕೆ ಉಂ ಎನ್ನುವುದು ಹೇಗೆ, ಉಹೂಂ ಎನ್ನುವುದು ಹೇಗೆ? ನಾನು ಅವರ ಕೈಯನ್ನು ಕೆನ್ನೆಗೆ ಇಟ್ಟುಕೊಂಡು ಕೂತೆ. ಸಂಜೆಯವರೆಗೂ ಅವರು ಬಿಡಲಿಲ್ಲ. ಆ ಸೆಕೆಯಲ್ಲಿ ನಿನ್ನ ಶಾಲು ಹೊದ್ದೂ ಚಳಿ ಚಳಿ ಎನ್ನುತ್ತಿದ್ದರು.

ನಿನ್ನ ರಜೆಯನ್ನು ತೆಗೆದುಕೊಂಡವಳು ನಾನು. ನಿನ್ನ ಉಮ್ಮನ ಕೈಯನ್ನೂ ನಾನೇ ತೆಗೆದುಕೊಂಡೆ. ಏನೂ ಗೊತ್ತಿಲ್ಲದೆ ಆದದ್ದು ಎಂದು ಪಾದ್ರಿಯವರ ಹತ್ತಿರವೂ ಹೇಳಿದೆ. ಸಮಾಧಾನವಾಗಲಿಲ್ಲ.

ರೋಸ್‌ಮೇರಿ


ಅಲ್ ಖೋರ್
5 ಫೆಬ್ರವರಿ 1995

ಪ್ರೀತಿಯ ಮುನೀರಾ,

ಶುಕ್ರವಾರ ಇಫ್ತಾರ್‌ಗೆ ನೀನು ಮಾಡಿದ ಗಂಜಿಯ ರುಚಿ ಇನ್ನೂ ನಾಲಿಗೆಯಲ್ಲಿದೆ. ಬಸ್ಸಿನ ಡ್ಯೂಟಿ ಇದ್ದುದರಿಂದ ಹೆಚ್ಚು ಹೊತ್ತು ಕೂರಲು ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನೀನು ಸ್ಪೇನಿನಲ್ಲಿ ತುಂಬ ಇಳಿದಿದ್ದೀ. ಸರಿಯಾಗಿ ಉಣ್ಣು.

ಹಬ್ಬ ಕಳೆಯಲಿ. ನಿನ್ನ ಹತ್ತಿರ ಸ್ವಲ್ಪ ಮಾತಿದೆ. ಅವಸರದ್ದೇನಲ್ಲ.

ಊರಿನಲ್ಲಿ ಎಲ್ಲರೂ ಕ್ಷೇಮ.

ಸರ್ಫರಾಝ್


ಮದೀನತ್ ಖಲೀಫಾ, ದೋಹಾ
12 ಫೆಬ್ರವರಿ 1995

ಶಹನಾಳ ಉಪ್ಪನಿಗೆ,

ಅಲ್ ಖೋರ್ ಇಲ್ಲಿಂದ ಒಂದು ಗಂಟೆಯ ದಾರಿ. ಪಕೀರಬ್ಬನ ಅಂಗಡಿಗೆ ಫೋನ್ ಮಾಡಿ ಹೇಳಿದರೂ ನೀವು ಬರುತ್ತಿದ್ದಿರಿ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಮುಖ ಎದುರಿಗಿದ್ದರೆ ನಾನೇ ನಿಮ್ಮನ್ನು ಸಮಾಧಾನ ಮಾಡಲು ಹೋಗುತ್ತೇನೆ. ಈ ಸಲ ಅದು ಬೇಡ.

ರೋಸ್‌ಮೇರಿಯ ಕಾಗದ ಗುರುವಾರ ಬಂತು. ನಿಮ್ಮದೂ ಅದೇ ದಿನ ಬಂತು. ಎರಡನ್ನೂ ಒಟ್ಟಿಗೆ ಒಡೆದೆ. ಮೊದಲು ಓದಿದ್ದು ನಿಮ್ಮದು.

ಶುಕ್ರವಾರ ನೀವು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಎರಡು ಬಟ್ಟಲು ಗಂಜಿ ಕುಡಿದಿರಿ. ಮೆಂತ್ಯ, ತೆಂಗಿನಹಾಲು, ಉಮ್ಮನ ಕೈಯ ರುಚಿಯೇ ಬಂದಿದೆ ಎಂದಿರಿ. ಉಮ್ಮ ಈ ಸಲ ಉಪವಾಸ ಹಿಡಿದಿದ್ದಾರಾ ಎಂದು ನಾನು ಕೇಳಿದೆ. "ಡಾಕ್ಟರು ಬೇಡ ಎಂದಿದ್ದಾರಂತೆ" ಎಂದಿರಿ. ಆಗ ಉಮ್ಮನನ್ನು ಮಣ್ಣು ಮಾಡಿ ಹತ್ತು ದಿನ ಕಳೆದಿತ್ತು. ಅಷ್ಟು ಸಲೀಸಾಗಿ ನಿಮಗೆ ಉತ್ತರ ಎಲ್ಲಿಂದ ಬಂತು?

ಯಾರೂ ನನಗೆ ಕೆಟ್ಟದ್ದು ಬಯಸಲಿಲ್ಲ, ಅದು ನನಗೆ ಗೊತ್ತು. ಗಲ್ಫಿನಲ್ಲಿರುವವರಿಗೆ ಸಾವು ತಿಳಿಸುವುದಿಲ್ಲ, ರೋಗ ತಿಳಿಸುವುದಿಲ್ಲ, ಅದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ನಾನೂ ಹಾಗೆ ಮಾಡಿದವಳೇ. ನಿಮ್ಮ ಉಪ್ಪ ಹೋದ ಸುದ್ದಿಯನ್ನು ನಲವತ್ತು ದಿನ ಊರಿನಲ್ಲಿ ಮುಚ್ಚಿಟ್ಟವರಲ್ಲಿ ನಾನೂ ಒಬ್ಬಳು. ಆದರೆ ಆಮೇಲೆ ನಾನು ಇಲ್ಲಿಗೆ ಬಂದಾಗ ನೋಡಿದ್ದೇನೆ. ಊರಿನಿಂದ ಕಾಗದ ಬಂದರೆ ನೀವು ಒಡೆಯುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟು, ನೀನೇ ಓದು ಎಂದು ಹೊರಗೆ ಹೋಗಿ ಕಾರು ಒರೆಸುತ್ತಿದ್ದಿರಿ. ಅದು ಏನೆಂದು ತಿಳಿದಿದ್ದ ನೀವು ನನಗೂ ಅದನ್ನೇ ಮಾಡಿದಿರಿ.

ನೀವು ಫೋನ್ ಮಾಡಿದ ದಿನ ನಾನು ನಕ್ಕೆ. ಒಲೆಯ ಮೇಲೆ ಮಾಂಸ ಇದೆ ಎಂದೆ. ಆಗ ಹೇಳಿದ್ದರೆ ನಾನು ಮೇಡಂನ ಕಾಲು ಹಿಡಿಯುತ್ತಿದ್ದೆ. ಕಳಿಸುತ್ತಿದ್ದರೋ ಇಲ್ಲವೋ, ಹಿಡಿಯುವುದಂತೂ ಹಿಡಿಯುತ್ತಿದ್ದೆ.

ಜನವರಿ ಇಪ್ಪತ್ತನಾಲ್ಕಕ್ಕೆ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಏನೋ ಬೇಯಿಸಿರಬೇಕು. ಆ ಮೇಲೆ ಎರಡು ವಾರ ಪ್ರತಿ ನಮಾಝಿನಲ್ಲೂ ಉಮ್ಮನಿಗೆ ಆಯುಷ್ಯ ಕೊಡು ಎಂದು ಬೇಡಿದ್ದೇನೆ. ಸತ್ತವರ ಮಯ್ಯತ್ತಿಗೆ ಮಾಡಬೇಕಾದ ಒಂದು ದುಆ ಮಾಡಲಿಲ್ಲ, ಕುರ್‌ಆನಿನ ಒಂದು ಯಾಸೀನ್ ಓದಲಿಲ್ಲ. ಅಷ್ಟು ದೂರದಿಂದ ಮಗಳು ಮಾಡಬಹುದಾದದ್ದು ಅದೊಂದೇ ಇತ್ತು. ಆ ಸ್ಪೇನಿನ ಅರಸ ಎಲ್ಲ ಕಳೆದುಕೊಂಡರೂ ಒಂದು ಸಲ ತಿರುಗಿ ನೋಡಿದ. ನನಗೆ ಅಷ್ಟೂ ಸಿಗಲಿಲ್ಲ.

ನಿನ್ನೆ ಯೂಸುಫ್ ಕಾಕನಿಗೆ ಫೋನ್ ಮಾಡಿದೆ. ಉಮ್ಮ ಹೋದ ದಿನವೇ ಪಕೀರಬ್ಬನ ಅಂಗಡಿಗೆ ಫೋನ್ ಮಾಡಿ ನಿಮಗೆ ತಿಳಿಸಿದ್ದರಂತೆ. ಅಳಬೇಡ, ನೀನು ಬಂದೆ ಎಂದು ತಿಳಿದೇ ಉಮ್ಮ ನೆಮ್ಮದಿಯಿಂದ ಹೋದರು ಎಂದರು. ಹೌದು, ಬಂದೆ ಎಂದು ತಿಳಿದರು. ಬಂದವಳು ಒಂದು ಮಾತೂ ಆಡಲಿಲ್ಲ ಎಂದೂ ತಿಳಿದರು. ಕೋಪವಾ ಎಂದು ಕೇಳಿದ್ದಕ್ಕೆ ಉತ್ತರ ಸಿಗದೆಯೇ ಹೋದರು. ರೋಸ್‌ಮೇರಿಯ ತಪ್ಪಲ್ಲ. ಅವಳು ಬಂದಾಗ ನಾನು ಅವಳ ಆ ಕೈ ಹಿಡಿದುಕೊಳ್ಳಬೇಕು. ಉಮ್ಮ ಕೊನೆಗೆ ಹಿಡಿದದ್ದು ಅದನ್ನೇ.

ಏಪ್ರಿಲ್‌ನಲ್ಲಿ ನಾನೊಬ್ಬಳೇ ಊರಿಗೆ ಹೋಗುತ್ತೇನೆ. ಶಹನಾಳ ಹತ್ತಿರ ಇರುತ್ತೇನೆ. ವಾಪಸು ಬರುವುದು ಈಗ ಹೇಳಲಾರೆ. ನೀವು ಈ ಶುಕ್ರವಾರ ಬರಬೇಡಿ. ಬಂದರೆ ಗಂಜಿ ಕಾಯಿಸಿ ನಿಮಗೆ ಬಡಿಸಿಬಿಡುತ್ತೇನೆ, ಅದಕ್ಕೇ ಹೆದರಿಕೆ.

ಕಾಗದ ಬೇಕಾದರೆ ಬರೆಯಿರಿ. ಆದರೆ ಜ್ವರ ಬಂದರೆ ಜ್ವರ ಎಂದು ಬರೆಯಿರಿ. ನಿಮ್ಮ ಅಕ್ಷರದಲ್ಲಿ ಕ್ಷೇಮ ಎನ್ನುವುದನ್ನು ಓದಿದರೆ ಇನ್ನು ನಾನು ಯಾರು ಸತ್ತರು ಎಂದೇ ಕೇಳುತ್ತೇನೆ.

ಇಲ್ಲಿ ನಾನು ಕ್ಷೇಮವಾಗಿಲ್ಲ. ನೀವು ಹೇಗಿದ್ದೀರಿ, ಇದ್ದ ಹಾಗೆ ತಿಳಿಸಿ.

ಮುನೀರಾ